ಸಂತ ಇನ್ನಾಸಪ್ಪನವರ ಮುರಿದ ಕಾಲು ಮತ್ತು ಲೊಯೋಲದ ಮನೆಯವರು

ನಮ್ಮ ದೇವಾಲಯದ ಹಳೆಯ ಜ್ಞಾನಸ್ನಾನದ ದಾಖಲೆ ಪುಸ್ತಕಗಳನ್ನು ಈ ಶತಮಾನೋತ್ಸವದ ನಿಮಿತ್ತ ಮತ್ತೊಮ್ಮೆ ತಿರುವಿ ನೋಡಿದೆವು. ರಾಯಪ್ಪ, ಚಿನ್ನಪ್ಪ, ಚೌರಪ್ಪ, ಅರುಳಪ್ಪ ಎಂಬ ಹೆಸರುಗಳ ನಡುವೆ ಇನ್ನಾಸಪ್ಪ, ಇನ್ನಾಸಮ್ಮ ಎಂಬ ಹೆಸರುಗಳು ಪುಟಪುಟಕ್ಕೂ ಕಾಣಸಿಗುತ್ತವೆ. ಯೇಸುಸಭೆಯ ಸಂಸ್ಥಾಪಕರಾದ ಲೊಯೋಲದ ಸಂತ ಇನ್ನಾಸಪ್ಪನವರ ಹೆಸರು ಈ ನಾಡಿನ ಮನೆಗಳಿಗೆ ಬಂದುದು ಆಕಸ್ಮಿಕವಲ್ಲ. ಅವರ ಸಭೆಯ ಗುರುಗಳು 17ನೆಯ ಶತಮಾನದ ಮಧ್ಯಭಾಗದಲ್ಲೇ ಶ್ರೀರಂಗಪಟ್ಟಣಕ್ಕೆ ಬಂದು ಶುಭಸಂದೇಶವನ್ನು ಸಾರಿದರು. 1878ರ ಡಿಸೆಂಬರ್ 31ರಂದು ಅದೇ ಸಭೆಯ ಇಟಲಿಯ ಗುರುಗಳು ಮಂಗಳೂರಿಗೆ ಬಂದಿಳಿದರು.

ಈ ಸಂತರ ಕಥೆಯನ್ನು ನಾವು ಪ್ರಸಂಗಗಳಲ್ಲಿ ಹೇಳುವ ರೀತಿ ಬಹು ಸಂಕ್ಷಿಪ್ತವಾದುದು. ಗುಂಡು ತಾಗಿತು, ಕಾಲು ಮುರಿಯಿತು, ಪುಸ್ತಕ ಓದಿದರು, ಮನಃಪರಿವರ್ತನೆ ಹೊಂದಿದರು ಎಂದು ನಾಲ್ಕು ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆದರೆ ಗುಂಡು ತಾಗಿದ ದಿನಕ್ಕೂ ಅವರು ಮನೆ ಬಿಟ್ಟು ಹೊರಟ ದಿನಕ್ಕೂ ನಡುವೆ ಒಂಬತ್ತು ತಿಂಗಳು ಕಳೆದವು. ಅಷ್ಟೂ ಕಾಲ ಮೂವತ್ತು ವರ್ಷದ ಒಬ್ಬ ಗಂಡಾಳನ್ನು, ಅದರಲ್ಲೂ ಯಾರ ಮಾತಿಗೂ ಬಗ್ಗದವರನ್ನು, ಒಂದು ಮನೆಯವರು ಹಾಸಿಗೆಯ ಮೇಲಿಟ್ಟುಕೊಂಡು ಸಾಕಿದರು. ಆ ಮನೆಯವರನ್ನು ಕುರಿತು ಬರೆಯಬೇಕೆಂಬುದು ನಮ್ಮ ಬಹುದಿನದ ಆಸೆ.

ಸ್ಪೇನ್ ದೇಶದ ಬಾಸ್ಕ್ ಸೀಮೆಯಲ್ಲಿ, ಅಸ್ಪೇತಿಯಾ ಊರಿನ ಸಮೀಪದ ಲೊಯೋಲದಲ್ಲಿ, 1491ರಲ್ಲಿ ಅವರು ಜನಿಸಿದರು. ಹೆತ್ತವರಿಟ್ಟ ಹೆಸರು ಇನೀಗೊ. ಹದಿಮೂರು ಮಕ್ಕಳ ಆ ಮನೆಗೆ ಅವರೇ ಕೊನೆಯವರು. ತಾಯಿ ಬೇಗನೆ ಕಣ್ಮರೆಯಾದರು. ಊರಿನ ಕಮ್ಮಾರನ ಹೆಂಡತಿ ಹಾಲೂಡಿಸಿ ಬೆಳೆಸಿದಳು. 1498ರಲ್ಲಿ ಅಣ್ಣ ಮಾರ್ತಿನ್ ಗಾರ್ಸಿಯಾ ಅವರ ಕೈಹಿಡಿದು ಮಗ್ದಲೇನಾ ದೆ ಅರಾವೊಸ್ ಎಂಬ ಕನ್ಯೆ ಆ ಮನೆಗೆ ಸೊಸೆಯಾಗಿ ಬಂದರು. ಅವರು ರಾಣಿ ಇಸಬೆಲ್ಲಳ ಪರಿವಾರದಲ್ಲಿದ್ದು ಬೆಳೆದವರು, ದೈವಭಕ್ತೆ. ಆಗ ಇನೀಗೊಗೆ ಏಳು ವರ್ಷ. 1507ರಲ್ಲಿ ತಂದೆಯೂ ತೀರಿಕೊಂಡ ಮೇಲೆ ಮನೆತನದ ಭಾರವೆಲ್ಲ ಅಣ್ಣನ ಹೆಗಲಿಗೆ ಬಂತು. ಅತ್ತಿಗೆ ತಾಯಿಗೆ ಸಮಾನ ಎಂದು ನಮ್ಮ ಹಿರಿಯರು ಹೇಳುವುದುಂಟಷ್ಟೆ; ಲೊಯೋಲದಲ್ಲಿ ಅದು ಅಕ್ಷರಶಃ ನಿಜವಾಯಿತು.

ಹುಡುಗನನ್ನು ಅರೆವಾಲೊ ಪಟ್ಟಣಕ್ಕೆ, ರಾಜನ ಕೋಶಾಧಿಕಾರಿಯ ಮನೆಗೆ, ಆಸ್ಥಾನದ ರೀತಿನೀತಿಗಳನ್ನು ಕಲಿಯಲೆಂದು ಕಳುಹಿಸಿದರು. ಅಲ್ಲಿ ಕತ್ತಿವರಸೆ, ಒಳ್ಳೆಯ ಉಡುಪು, ನೀಳಗೂದಲು, ಹೆಂಗಸರ ಮೆಚ್ಚುಗೆ ಇವುಗಳಲ್ಲೇ ಅವರ ಯೌವನ ಕಳೆಯಿತು. 1515ರಲ್ಲಿ ಸ್ವಂತ ಊರಿನಲ್ಲಿಯೇ ನಡೆಸಿದ ಒಂದು ಹೊಡೆದಾಟಕ್ಕಾಗಿ ನ್ಯಾಯಾಲಯದ ವಿಚಾರಣೆಗೂ ಗುರಿಯಾದರು. ಮನೆಗೆ ಹೆಸರು ತಂದ ಮಗನೆಂದು ಆಗ ಯಾರೂ ಅವರನ್ನು ಹೊಗಳಿರಲಾರರು.

1521ರ ಮೇ ತಿಂಗಳಲ್ಲಿ ಫ್ರೆಂಚರ ಸೈನ್ಯ ಪಂಪ್ಲೋನಾ ನಗರವನ್ನು ಮುತ್ತಿತು. ಸಹಾಯಕ್ಕೆಂದು ಅಣ್ಣ ಮಾರ್ತಿನ್ ತಮ್ಮ ಆಳುಗಳೊಡನೆ ಹೋಗಿದ್ದರು. ಆದರೆ ನಗರದವರೊಡನೆ ಒಮ್ಮತವಾಗದೆ ಹಿಂದಿರುಗಿಬಿಟ್ಟರು. ತಮ್ಮ ಮಾತ್ರ ಹಿಂದಿರುಗಲಿಲ್ಲ. ಕೋಟೆಯನ್ನು ಒಪ್ಪಿಸಿ ಜೀವ ಉಳಿಸಿಕೊಳ್ಳೋಣವೆಂದು ಉಳಿದವರೆಲ್ಲ ಹೇಳುತ್ತಿದ್ದರೂ, ಹೋರಾಡಲೇಬೇಕೆಂದು ಕೋಟೆಯ ಅಧಿಪತಿಯನ್ನು ಒಪ್ಪಿಸಿದವರು ಇನೀಗೊ. ಗುರುಗಳು ಸಿಗದ ಕಾರಣ ಜೊತೆಯ ಸೈನಿಕನೊಬ್ಬನಿಗೇ ತಮ್ಮ ಪಾಪಗಳನ್ನು ಹೇಳಿಕೊಂಡು ಗೋಡೆಯ ಮೇಲೆ ನಿಂತರು. ಮೇ 20ರಂದು ಫಿರಂಗಿಯ ಗುಂಡೊಂದು ಅವರ ಎರಡು ಕಾಲುಗಳ ನಡುವೆ ಹಾದುಹೋಯಿತು. ಬಲಗಾಲಿನ ಮೂಳೆ ನುಚ್ಚುನೂರಾಯಿತು, ಎಡಗಾಲಿಗೂ ಗಾಯವಾಯಿತು. ಅವರು ಬಿದ್ದೊಡನೆ ಕೋಟೆಯೂ ಬಿತ್ತು.

ಗೆದ್ದ ಫ್ರೆಂಚರು ಸೌಜನ್ಯದಿಂದಲೇ ನಡೆದುಕೊಂಡರು. ಗಾಯಕ್ಕೆ ಔಷಧಿ ಹಾಕಿ, ಮೂಳೆ ಕಟ್ಟಿ, ಕೆಲವು ದಿನಗಳ ತರುವಾಯ ಡೋಲಿಯಲ್ಲಿ ಮಲಗಿಸಿ ಊರಿಗೆ ಕಳುಹಿಸಿಕೊಟ್ಟರು. ದಾರಿಯೆಲ್ಲ ಬೆಟ್ಟಗುಡ್ಡಗಳು. ತಾವು ಬಿಟ್ಟುಬಂದ ಸ್ಥಳದಿಂದ ತಮ್ಮನನ್ನು ಆ ಸ್ಥಿತಿಯಲ್ಲಿ ಹೊತ್ತು ತಂದಾಗ ಮಾರ್ತಿನ್ ಅವರ ಮನಸ್ಸು ಹೇಗಾಗಿದ್ದೀತೆಂದು ನಾವು ಅನೇಕ ಸಾರಿ ಯೋಚಿಸಿದ್ದೇವೆ.

ವೈದ್ಯರನ್ನು ಕರೆಸಿದರು. ಮೂಳೆಯನ್ನು ಮೊದಲೇ ಸರಿಯಾಗಿ ಕೂಡಿಸಿರಲಿಲ್ಲವೋ, ದಾರಿಯ ಕುಲುಕಾಟದಲ್ಲಿ ಜಾರಿತೋ, ಅಂತೂ ಅದು ತನ್ನ ಸ್ಥಾನದಲ್ಲಿರಲಿಲ್ಲ. ಮತ್ತೆ ಮುರಿದು ಕೂಡಿಸದೆ ಗತಿಯಿಲ್ಲವೆಂದು ತೀರ್ಮಾನವಾಯಿತು. ಕ್ಷ-ಕಿರಣ ಕಂಡುಹಿಡಿದದ್ದು 1895ರಲ್ಲಿ; ಈಥರಿನಿಂದ ಅರಿವಳಿಕೆ ಕೊಟ್ಟು ಶಸ್ತ್ರಕ್ರಿಯೆ ನಡೆಸುವುದು ಜಗತ್ತಿಗೆ ತಿಳಿದದ್ದು 1846ರಲ್ಲಿ. ಮೂಳೆ ಮುರಿದರೆ ಪುತ್ತೂರಿನ ಕಟ್ಟಿಗೆ ಓಡುವ ನಮ್ಮ ಕಡೆಯ ಹಿರಿಯರಿಗೆ ಆ ನೋವಿನ ಅಲ್ಪಸ್ವಲ್ಪ ಅಂದಾಜು ಇದ್ದೀತು. ಇನೀಗೊ ಬಾಯಿಬಿಡಲಿಲ್ಲ, ಮುಷ್ಟಿಗಳನ್ನು ಬಿಗಿಹಿಡಿದು ಸಹಿಸಿದರು. ನೋವುಂಡವರ ಸಹನೆಯನ್ನು ಚರಿತ್ರೆ ಬರೆದಿಟ್ಟಿದೆ. ಅದನ್ನು ನೋಡುತ್ತ ನಿಂತವರ ಸಹನೆಯನ್ನು ಬರೆಯುವವರಿಲ್ಲ.

ತದನಂತರ ಸ್ಥಿತಿ ವಿಷಮಿಸಿತು. ಆಹಾರ ಸೇರದಾಯಿತು. ಜೂನ್ 24, ಸಂತ ಸ್ನಾನಿಕ ಯೊವಾನ್ನರ ಹಬ್ಬದಂದು, ಪಾಪನಿವೇದನೆ ಮಾಡಿಕೊಳ್ಳಲು ವೈದ್ಯರೇ ಸೂಚಿಸಿದರು. ಅವರು ಅಂತಿಮ ಸಂಸ್ಕಾರಗಳನ್ನು ಸ್ವೀಕರಿಸಿದರು. ಸಂತ ರಾಯಪ್ಪ ಮತ್ತು ಸಂತ ಚಿನ್ನಪ್ಪನವರ ಹಬ್ಬದ ಹಿಂದಿನ ದಿನ, ಅಂದು ಮಧ್ಯರಾತ್ರಿಯೊಳಗೆ ಸುಧಾರಿಸದಿದ್ದರೆ ಆಸೆ ಬಿಡಬೇಕೆಂದು ವೈದ್ಯರು ಕೈಚೆಲ್ಲಿದರು. ರೋಗಿಗೆ ಮೊದಲಿನಿಂದಲೂ ಸಂತ ರಾಯಪ್ಪನವರಲ್ಲಿ ಭಕ್ತಿ. ಅದೇ ಮಧ್ಯರಾತ್ರಿಯಿಂದ ಅವರು ಚೇತರಿಸಿಕೊಳ್ಳತೊಡಗಿದರು. ಕೆಲವೇ ದಿನಗಳಲ್ಲಿ ಪ್ರಾಣಭಯ ಕಳೆಯಿತು.

ಇಲ್ಲಿಗೆ ಮನೆಯವರ ಕಷ್ಟ ಮುಗಿಯಲಿಲ್ಲ. ಮೂಳೆಯೇನೋ ಕೂಡಿತು, ಆದರೆ ಮೊಣಕಾಲಿನ ಕೆಳಗೆ ಒಂದರ ಮೇಲೊಂದು ಏರಿ ಕೂಡಿ, ಅಸಹ್ಯವಾದ ಗಂಟೊಂದು ಹೊರಚಾಚಿ, ಕಾಲು ಗಿಡ್ಡವಾಯಿತು. ಆಗಿನ ಬಿಗಿಯಾದ ಬೂಟು ಧರಿಸಿದರೆ ಆ ಗಂಟು ಎದ್ದು ಕಾಣುವುದು ಎಂಬುದೇ ಇನೀಗೊ ಅವರ ಚಿಂತೆ. ಅದನ್ನು ಕೊಯ್ದು ತೆಗೆಯಬಹುದೇ ಎಂದು ವಿಚಾರಿಸಿದರು. ತೆಗೆಯಬಹುದು, ಆದರೆ ಈವರೆಗಿನ ಎಲ್ಲ ನೋವಿಗಿಂತಲೂ ಅದು ಹೆಚ್ಚಿನದಾದೀತು ಎಂದು ವೈದ್ಯರು ಎಚ್ಚರಿಸಿದರು. ಅಣ್ಣ ಬೆಚ್ಚಿಬಿದ್ದು, ಅಂತಹ ನೋವನ್ನು ತಾವಾದರೆ ತಾಳಲಾರೆವೆಂದು ಬಾಯಿಬಿಟ್ಟು ಹೇಳಿದರು. ತಮ್ಮ ಕೇಳಲಿಲ್ಲ. ಮಾಂಸ ಸೀಳಿ ಮೂಳೆಯನ್ನು ಗರಗಸದಿಂದ ಕೊಯ್ದರು, ಮುಲಾಮು ಹಚ್ಚಿದರು, ಕಾಲು ಉದ್ದವಾಗಲೆಂದು ಯಂತ್ರಕ್ಕೆ ಬಿಗಿದು ಅನೇಕ ದಿನ ಎಳೆದರು. ಎಲ್ಲವೂ ಒಂದು ಬೂಟಿನ ಅಂದಕ್ಕಾಗಿ.

ಮಾರ್ತಿನ್ ಆ ಮನೆಯ ಯಜಮಾನರು. ವೈದ್ಯರನ್ನು ಹೊರಗೆ ಕಳುಹಿಸುವ ಅಧಿಕಾರ ಅವರಿಗಿತ್ತು. ಅವರೇಕೆ ತಡೆಯಲಿಲ್ಲ? ಈ ಪ್ರಶ್ನೆ ನಮಗೆ ದೂರದ್ದಲ್ಲ. ಪ್ರತಿ ತಿಂಗಳ ಮೊದಲ ಶುಕ್ರವಾರ ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಕೊಂಡೊಯ್ಯುವಾಗ, ಮೋಟಾರು ಸೈಕಲ್ಲಿನಿಂದ ಬಿದ್ದು ತೊಡೆಮೂಳೆ ಮುರಿದ ದೊಡ್ಡ ಮಕ್ಕಳ ತಂದೆತಾಯಂದಿರು ಬಾಗಿಲಾಚೆ ಬಂದು ನಮ್ಮನ್ನು ಮೆಲುದನಿಯಲ್ಲಿ ಕೇಳುವುದು ಇದನ್ನೇ. ಮಗ ಚಿಕ್ಕವನಾಗಿದ್ದರೆ ಎತ್ತಿಕೊಂಡು ಹೋಗುತ್ತಿದ್ದೆವು; ಈಗ ಅವನದೇ ಹಟ, ಅವನದೇ ತೀರ್ಮಾನ, ಬಡಿಸುವುದು ಮತ್ತು ತೊಳೆಯುವುದು ಮಾತ್ರ ನಮ್ಮದು ಎಂಬುದು ಅವರ ಸಂಕಟ. ತನ್ನ ಸ್ನಾನಶೌಚಗಳಿಗೆ ಅರವತ್ತು ದಾಟಿದ ತಂದೆಯ ಕೈಯನ್ನೇ ನೆಚ್ಚಬೇಕಾಗಿ ಬಂದ ಮಗ, ನಾಚಿಕೆಯಿಂದ ಆ ತಂದೆಯ ಮೇಲೆಯೇ ಸಿಡುಕುವುದನ್ನೂ ನಾವು ಕಂಡಿದ್ದೇವೆ. ಆ ಸಿಡುಕನ್ನು ಕೇಳಿಯೂ ಕೇಳದವರಂತೆ ತಂದೆ ದಿಂಬು ಸರಿಪಡಿಸುತ್ತಿದ್ದರು. ನಮ್ಮ ಅಭಿಪ್ರಾಯದಲ್ಲಿ ಮಾರ್ತಿನ್ ಸರಿಯಾದುದನ್ನೇ ಮಾಡಿದರು. ತಮ್ಮ ಭಯವನ್ನು ಮುಚ್ಚಿಡದೆ ಹೇಳಿದರು, ಹೇಳಿದ ಮೇಲೆ ಅಡ್ಡ ನಿಲ್ಲಲಿಲ್ಲ. ಬೇರೆ ಅಭಿಪ್ರಾಯವುಳ್ಳವರೂ ಇರಬಹುದು.

ದೇಹವೆಲ್ಲ ಆರೋಗ್ಯವಾಗಿದ್ದು ಕಾಲೊಂದು ಮಾತ್ರ ನೆಲಕ್ಕೂರದಂತಿರುವಾಗಿನ ದಿನಗಳೇ ಆರೈಕೆಯವರಿಗೆ ಅತಿ ಕಠಿಣವಾದುವು. ಮೊದಲ ವಾರ ಹಣ್ಣು ಹಿಡಿದು ಬಂದ ನಂಟರು ಮೂರನೆಯ ತಿಂಗಳು ಬರುವುದಿಲ್ಲ. ಕಾಲಹರಣಕ್ಕೆಂದು ಇನೀಗೊ ತಮಗೆ ಪ್ರಿಯವಾದ ವೀರರ ಸಾಹಸಕಥೆಗಳನ್ನು ಕೇಳಿದರು. ಆ ಮನೆಯಲ್ಲಿ ಅಂತಹ ಒಂದು ಪುಸ್ತಕವೂ ಇರಲಿಲ್ಲ. ಇದ್ದದ್ದನ್ನು ತಂದುಕೊಟ್ಟರು. ಒಂದು, ಸ್ಯಾಕ್ಸೊನಿಯ ಲುಡೋಲ್ಫ್ ಎಂಬ ಸನ್ಯಾಸಿ ಬರೆದ ಕ್ರಿಸ್ತಚರಿತ್ರೆ. ಇನ್ನೊಂದು, ಯಕೋಬುಸ್ ದೆ ವೊರಾಜಿನೆ ಅವರು ಸಂಗ್ರಹಿಸಿದ ಸಂತರ ಚರಿತ್ರೆ. ಅವು ಅತ್ತಿಗೆ ಮಗ್ದಲೇನಾ ಅವರ ಪುಸ್ತಕಗಳೆಂದು ಪರಂಪರೆಯಿಂದ ಹೇಳುತ್ತ ಬಂದಿದ್ದಾರೆ. ವೃದ್ಧಾಪ್ಯದಲ್ಲಿ, 1553 ಮತ್ತು 1555ರ ನಡುವೆ, ಸಂತರು ತಮ್ಮ ಜೀವನವನ್ನು ಲೂಯಿಸ್ ಗೊನ್ಸಾಲ್ವೆಸ್ ದ ಕಾಮರಾ ಎಂಬ ಗುರುವಿಗೆ ಹೇಳಿದಾಗ ಮುಷ್ಟಿ ಬಿಗಿಹಿಡಿದುದನ್ನು ನೆನೆದರು, ಅಣ್ಣನನ್ನೂ ನೆನೆದರು. ಅತ್ತಿಗೆಯ ಹೆಸರು ಮಾತ್ರ ಆ ಕಥನದಲ್ಲಿ ಎಲ್ಲಿಯೂ ಬರುವುದಿಲ್ಲ. ಆರೈಕೆ ಮಾಡಿದವರ ಪಾಡು ಬಹುಮಟ್ಟಿಗೆ ಇಷ್ಟೇ.

ಆ ಓದಿನಿಂದ ಆದುದು ನಿಮಗೆಲ್ಲ ತಿಳಿದ ವಿಷಯ. ಒಬ್ಬ ಕುಲೀನ ಸ್ತ್ರೀಯ ಸೇವೆಯನ್ನು ಕುರಿತು ಗಂಟೆಗಟ್ಟಲೆ ಕನಸು ಕಾಣುವಾಗ ಸಂತೋಷವಾದರೂ ತರುವಾಯ ಮನಸ್ಸು ಒಣಗುತ್ತಿತ್ತು; ಸಂತ ಫ್ರಾನ್ಸಿಸ್, ಸಂತ ದೊಮಿನಿಕ್ ಮಾಡಿದುದನ್ನು ತಾವೇಕೆ ಮಾಡಬಾರದೆಂದು ಯೋಚಿಸಿದಾಗಲಾದರೋ ಆ ಸಂತೋಷ ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಗುರುತಿಸಿದುದೇ ಮುಂದೆ ಆಧ್ಯಾತ್ಮಿಕ ಸಾಧನೆಗಳೆಂಬ ಗ್ರಂಥಕ್ಕೆ ಬೀಜವಾಯಿತು. ಕುಂಟುತ್ತಾ ಎದ್ದು ಓಡಾಡುವಂತಾದ ಮೇಲೆ ಪುಸ್ತಕದ ಸಾರವನ್ನು ಸುಮಾರು 300 ಹಾಳೆಗಳಲ್ಲಿ ಬರೆದಿಟ್ಟರು. ಕ್ರಿಸ್ತರ ಮಾತು ಕೆಂಪು ಮಸಿಯಲ್ಲಿ, ಮಾತೆ ಮರಿಯಮ್ಮನವರದು ನೀಲಿಯಲ್ಲಿ. ಉಳಿದ ಹೊತ್ತನ್ನು ಪ್ರಾರ್ಥನೆಯಲ್ಲೂ ಮನೆಮಂದಿಯೊಡನೆ ದೇವರ ವಿಷಯ ಮಾತನಾಡುವುದರಲ್ಲೂ ಕಳೆದರು. ಒಳಗೆ ಏನೋ ಬದಲಾಗಿದೆಯೆಂದು ಅಣ್ಣನಿಗೂ ಮನೆಯವರಿಗೂ ಗೊತ್ತಾಗತೊಡಗಿತು.

1522ರ ಫೆಬ್ರುವರಿ ಕೊನೆಯ ವೇಳೆಗೆ, ನಾಹೆರಾದ ಪ್ರಭುವನ್ನು ಕಾಣಬೇಕೆಂದು ಹೇಳಿ ಹೊರಡಲನುವಾದರು. ಮಾತು ಸುಳ್ಳಲ್ಲ, ಪೂರ್ಣವೂ ಅಲ್ಲ. ಅಣ್ಣ ಅವರನ್ನು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಕರೆದೊಯ್ಯುತ್ತ, ಮನೆತನದ ಕೀರ್ತಿಯನ್ನೂ ಜನರು ಅವರಲ್ಲಿಟ್ಟ ಭರವಸೆಯನ್ನೂ ನೆನಪಿಸಿ, ಬಾಳನ್ನು ಹಾಳುಮಾಡಿಕೊಳ್ಳಬಾರದೆಂದು ಅಂಗಲಾಚಿದರು. ಒಂಬತ್ತು ತಿಂಗಳು ನೆಟ್ಟಗೆ ನಿಲ್ಲಿಸಲು ಪಟ್ಟ ಶ್ರಮವೆಲ್ಲ, ಆ ಕಾಲು ಮನೆ ಬಿಟ್ಟು ನಡೆಯಲೆಂದೇ ಆಯಿತಲ್ಲ ಎಂದು ಅವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ತಮ್ಮ ಜಾಣತನದಿಂದ ನುಣುಚಿಕೊಂಡು ಹೊರಟುಬಿಟ್ಟರು.

ಮೊಂಟ್‌ಸೆರಾಟ್, ಮನ್ರೇಸಾ, ಜೆರುಸಲೇಮ್, ಪ್ಯಾರಿಸ್ ಎಂದು ಅವರು ಅಲೆದ ಚರಿತ್ರೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಕೊನೆಯವರೆಗೂ ಕುಂಟುತ್ತಲೇ ನಡೆದರು. 1540ರಲ್ಲಿ ಅವರ ಸಭೆಗೆ ಪೋಪರ ಮನ್ನಣೆ ದೊರೆಯಿತು. 1556ರ ಜುಲೈ 31ರಂದು ರೋಮಿನಲ್ಲಿ ತೀರಿಕೊಂಡರು. 1622ರಲ್ಲಿ ಸಂತ ಪದವಿಗೇರಿದರು. ಲೊಯೋಲದ ಆ ಮನೆ ಈಗಲೂ ಇದೆ; ಅವರು ಮಲಗಿದ್ದ ಕೋಣೆ ಪ್ರಾರ್ಥನಾಲಯವಾಗಿದೆ.

ಒಮ್ಮೆ ಮಾತ್ರ ಅವರು ಊರಿಗೆ ಬಂದರು. ಅದು 1535ರಲ್ಲಿ. ಪ್ಯಾರಿಸ್ಸಿನಲ್ಲಿ ಹೊಟ್ಟೆನೋವು ಹೆಚ್ಚಿ, ಹುಟ್ಟೂರಿನ ಗಾಳಿಯೇ ಮದ್ದೆಂದು ವೈದ್ಯರು ಹೇಳಿದ್ದರು. ಅಣ್ಣ ಎಷ್ಟು ಕರೆದರೂ ಮನೆಗೆ ಹೋಗದೆ ಬಡವರ ಆಸ್ಪತ್ರೆಯಲ್ಲಿ ತಂಗಿದರು, ಭಿಕ್ಷೆ ಬೇಡಿ ಉಂಡರು. ಮಕ್ಕಳಿಗೆ ಪ್ರತಿದಿನ ಧರ್ಮೋಪದೇಶ ಕಲಿಸುವೆನೆಂದಾಗ, ಯಾರೂ ಬರಲಾರರೆಂದು ಅಣ್ಣ ಹೇಳಿದರು. ಒಬ್ಬರು ಬಂದರೂ ಸಾಕೆಂದು ತಮ್ಮ ಉತ್ತರಿಸಿದರು. ಅನೇಕರು ಬಂದರು. ಬಂದು ಕುಳಿತವರಲ್ಲಿ ಅಣ್ಣನೂ ಒಬ್ಬರು.

ಹೊರಡುವ ದಿನ ಬಂದಾಗ, ಕೈಯಲ್ಲಿ ಹಣವಿಲ್ಲದೆ ಕಾಲ್ನಡಿಗೆಯಲ್ಲೇ ಹೋಗುವೆನೆಂದರು. ಅಣ್ಣ ಬಹಳವಾಗಿ ನೊಂದುಕೊಂಡರು, ನಾಚಿದರು. ಆಗ ಇನ್ನಾಸಪ್ಪನವರು ಇಷ್ಟಕ್ಕೆ ಒಪ್ಪಿಕೊಂಡರು: ಅಣ್ಣನೊಡನೆಯೂ ಬಂಧುಗಳೊಡನೆಯೂ ಸೀಮೆಯ ಗಡಿಯವರೆಗೆ ಕುದುರೆಯ ಮೇಲೆ ಹೋಗುವುದು. ಗಡಿ ದಾಟಿದೊಡನೆ ಕುದುರೆಯಿಂದಿಳಿದು, ಅವರಿಂದ ಏನನ್ನೂ ತೆಗೆದುಕೊಳ್ಳದೆ, ಪಂಪ್ಲೋನಾದ ಹಾದಿ ಹಿಡಿದು ನಡೆದು ಹೋದರು.