ರಾಬರ್ಟ್ ಬ್ರೂಸ್ ಫೂಟ್ ಮತ್ತು ಬಳ್ಳಾರಿಯ ಬೂದಿದಿಬ್ಬಗಳು

ದಕ್ಷಿಣ ಭಾರತದ ಭೂವಿಜ್ಞಾನಕ್ಕೂ ಪ್ರಾಗಿತಿಹಾಸ ಸಂಶೋಧನೆಗೂ ಭದ್ರ ತಳಹದಿ ಹಾಕಿದವರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರು ಅಗ್ರಗಣ್ಯರು. ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ 1834ರಲ್ಲಿ ಜನಿಸಿದ ಇವರು 1858ರ ಡಿಸೆಂಬರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯನ್ನು ಸೇರಿ, 1891ರಲ್ಲಿ ನಿವೃತ್ತರಾಗುವವರೆಗೆ ಬಹುಪಾಲು ಸೇವೆಯನ್ನು ದಕ್ಷಿಣ ಭಾರತದಲ್ಲಿಯೇ ಸಲ್ಲಿಸಿದರು.

ಫೂಟ್ ಅವರ ಹೆಸರು ಮೊದಲು ಪ್ರಸಿದ್ಧಿಗೆ ಬಂದದ್ದು ಒಂದು ಕಲ್ಲಿನಿಂದ. 1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರಂನಲ್ಲಿ, ಗರಸು ತೆಗೆಯಲು ತೋಡಿದ್ದ ಗುಂಡಿಯೊಂದರ ಬಳಿ, ಮನುಷ್ಯನ ಕೈಯಿಂದ ಹದಗೊಂಡ ಕಲ್ಲಿನ ಕೈಗೊಡಲಿಯೊಂದು ಅವರಿಗೆ ದೊರೆಯಿತು. ಭಾರತದಲ್ಲಿ ಹಳೆ ಶಿಲಾಯುಗದ ಮಾನವನು ಬಾಳಿದ್ದನೆಂಬುದಕ್ಕೆ ಅದು ಖಚಿತವಾದ ಸಾಕ್ಷ್ಯವಾಯಿತು. ಅಂದಿನಿಂದ ಮುಂದೆ ಶಿಲೆಗಳ ನಕ್ಷೆ ತಯಾರಿಸುತ್ತಲೇ ಹಿಂದಿನವರ ಉಪಕರಣಗಳನ್ನು ಸಂಗ್ರಹಿಸುವುದು ಅವರ ಜೀವನದ ಪರಿಪಾಠವಾಯಿತು.

ಸರ್ಕಾರಿ ಕರ್ತವ್ಯವಾಗಿ ಅವರು ನಡೆಸಿದ ಸರ್ವೇಕ್ಷಣೆಯ ಮೌಲ್ಯವೂ ಕಡಿಮೆಯದಲ್ಲ. ಧಾರವಾಡ, ಬೆಳಗಾವಿ ಮೊದಲಾದ ಭಾಗಗಳನ್ನು ಕುರಿತ ಅವರ ಗ್ರಂಥವು 1876ರಲ್ಲಿ ಪ್ರಕಟವಾಯಿತು. ಹಳೆಯ ನೈಸ್ ಶಿಲೆಗಳ ನಡುವೆ ಉದ್ದನೆಯ ಪಟ್ಟಿಗಳಾಗಿ ಮಡಿಚಿಕೊಂಡಿರುವ ಶಿಸ್ಟ್ ಶಿಲೆಗಳು ಬೇರೆಯೇ ಒಂದು ವರ್ಗಕ್ಕೆ ಸೇರಿದವೆಂದು 1880ರ ದಶಕದಲ್ಲಿ ನಿರೂಪಿಸಿ, ಅದಕ್ಕೆ ಧಾರವಾಡ ಶಿಲಾವರ್ಗ ಎಂದು ಹೆಸರಿಟ್ಟವರು ಅವರೇ. ದಕ್ಷಿಣ ಭಾರತದ ಚಿನ್ನವು ಮುಖ್ಯವಾಗಿ ಈ ಶಿಲೆಗಳಲ್ಲಿಯೇ ಇದೆಯೆಂದು ಅವರು ತೋರಿಸಿಕೊಟ್ಟರು. 1887ರಲ್ಲಿ ಮೈಸೂರು ಸಂಸ್ಥಾನದ ಚಿನ್ನದ ಪ್ರದೇಶಗಳನ್ನು ಸಮೀಕ್ಷಿಸಿದರು. ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತ ಅವರ ಗ್ರಂಥವು 1895ರಲ್ಲಿ ಹೊರಬಂದಿತು. ಸಂಡೂರಿನ ಬೆಟ್ಟಸಾಲಿನ ಕಬ್ಬಿಣದ ಅದಿರಿನ ವಿವರವೂ ಅದರಲ್ಲಿದೆ.

ಬಳ್ಳಾರಿಯ ಸರ್ವೇಕ್ಷಣೆಯಲ್ಲಿ ಅವರನ್ನು ಕೆಣಕಿದ್ದು ಅದಿರಿಲ್ಲದ ಕೆಲವು ದಿಬ್ಬಗಳು. ಮಳೆ ಕಡಿಮೆಯಿರುವ ಈ ಸೀಮೆಯ ಕುಪ್ಪಗಲ್ಲು, ಕುಡತಿನಿ ಮೊದಲಾದೆಡೆ ಬಯಲಿನಲ್ಲಿಯೂ ಬೆಟ್ಟಗಳ ತಪ್ಪಲಿನಲ್ಲಿಯೂ ಬೂದುಬಣ್ಣದ ದಿಬ್ಬಗಳು ಕಾಣಸಿಗುತ್ತವೆ. ಅಗೆದರೆ ನುಣುಪಾದ ಬೂದಿಯೂ, ಅದರ ನಡುವೆ ಗುಳ್ಳೆಗುಳ್ಳೆಯಾಗಿ ಕರಗಿ ಗಟ್ಟಿಯಾದ, ಗಾಜಿನ ಹೊಳಪುಳ್ಳ ಹಗುರ ಕಿಟ್ಟವೂ ದೊರೆಯುತ್ತವೆ. ಸ್ಥಳೀಯರು ಇವುಗಳನ್ನು ಪುರಾಣಪುರುಷರ ಚಿತೆಗಳೆಂದು ನಂಬಿದ್ದರು. ಹಂಪಿಯ ಬಳಿಯ ನಿಂಬಾಪುರದ ದಿಬ್ಬವು ವಾಲಿಯ ದಹನವಾದ ಸ್ಥಳವೆಂಬ ಪ್ರತೀತಿ ಇಂದಿಗೂ ಇದೆ. ಕ್ಯಾಪ್ಟನ್ ನ್ಯೂಬೋಲ್ಡ್ ಅವರು 1843ರಲ್ಲಿಯೇ ಇವುಗಳ ಬಗ್ಗೆ ಬರೆದಿದ್ದರು. ಇದು ಲೋಹ ಕರಗಿಸಿದ ಕಿಟ್ಟವೆಂದು ಕೆಲವರು, ಜ್ವಾಲಾಮುಖಿಯ ಉಗುಳೆಂದು ಇನ್ನು ಕೆಲವರು ಊಹಿಸಿದ್ದರು.

ಜ್ವಾಲಾಮುಖಿಯ ಊಹೆಯನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ಅನಿಲ ತುಂಬಿದ ಲಾವಾ ಭೂಮಿಯ ಬಾಯಿಂದ ಚಿಮ್ಮಿ, ಗಾಳಿಯಲ್ಲಿಯೇ ತಣಿದು ಸುತ್ತಲೂ ಉದುರಿದರೆ ಶಂಕುವಿನಾಕಾರದ ಕಿಟ್ಟದ ಗುಡ್ಡ ನಿರ್ಮಾಣವಾಗುತ್ತದೆ. ಅದರ ತುಣುಕುಗಳೂ ಗುಳ್ಳೆಗುಳ್ಳೆಯಾಗಿ ಹಗುರವಾಗಿರುತ್ತವೆ. ಅರೇಬಿಯದ ಹಾಗೂ ಅಮೆರಿಕದ ನೈರುತ್ಯ ಭಾಗದ ಮರುಭೂಮಿಗಳಲ್ಲಿ ಇಂಥ ಗುಡ್ಡಗಳು ಹೇರಳವಾಗಿದ್ದು, ಅಲ್ಲಿನ ಕಿಟ್ಟವನ್ನು ರಸ್ತೆಗೂ ಹಗುರ ಕಾಂಕ್ರೀಟ್ ಇಟ್ಟಿಗೆಗೂ ಬಳಸಲಾಗುತ್ತದೆ. ಭಾರತದಲ್ಲಿ ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ ಅಂತಹ ಶಂಕುವಿದೆ. ಬಳ್ಳಾರಿಯ ನೆಲದಲ್ಲಿಯೂ ಲಾವಾ ಹರಿದದ್ದುಂಟು. ಆದರೆ ಅದು ಧಾರವಾಡ ಶಿಲೆಗಳ ಕಾಲದ್ದು, ಅಂದರೆ 250 ಕೋಟಿ ವರ್ಷಗಳಿಗೂ ಹಿಂದಿನದು. ಒತ್ತಡ ಮತ್ತು ಶಾಖದಿಂದ ರೂಪಾಂತರಗೊಂಡು ಹಸಿರು ಶಿಲೆಯಾಗಿದೆ. ಸಡಿಲವಾದ ಕಿಟ್ಟದ ಗುಡ್ಡ ಅಷ್ಟು ಕಾಲ ಮಳೆಗಾಳಿಗೆ ಒಡ್ಡಿಕೊಂಡು ನಿಂತಿರುವುದು ಅಸಾಧ್ಯ. ದಿಬ್ಬಗಳ ಕೆಳಗೆ ಲಾವಾ ಹೊರಬಂದ ಬಾಯಿಯ ಕುರುಹೂ ಇಲ್ಲ.

ಫೂಟ್ ಅವರು ದಿಬ್ಬಗಳ ಒಳಗೂ ಸುತ್ತಲೂ ದೊರೆತ ವಸ್ತುಗಳನ್ನು ಗಮನಿಸಿದರು: ಉಜ್ಜಿ ನಯಗೊಳಿಸಿದ ಕಲ್ಲುಕೊಡಲಿಗಳು, ಮಡಕೆಯ ಚೂರುಗಳು, ದನಗಳ ಮೂಳೆಗಳು. ಕುಪ್ಪಗಲ್ಲಿನ ಬೆಟ್ಟದ ಡಾಲರೈಟ್ ಕಲ್ಲಿನಿಂದ ಕೊಡಲಿ ತಯಾರಿಸುತ್ತಿದ್ದ ದೊಡ್ಡ ನೆಲೆಯನ್ನೂ ಅವರು ದಾಖಲಿಸಿದರು. ಇವೆಲ್ಲವನ್ನು ಕೂಡಿಸಿ ನೋಡಿ, 1887ರ ಸುಮಾರಿಗೆ ಅವರು ಬಂದ ತೀರ್ಮಾನ ಸರಳವಾಗಿತ್ತು. ನವಶಿಲಾಯುಗದ ಜನರು ದನಗಳನ್ನು ಕೂಡುತ್ತಿದ್ದ ದೊಡ್ಡಿಗಳಲ್ಲಿ ಸಗಣಿ ರಾಶಿಬಿದ್ದು, ಅದಕ್ಕೆ ಬೆಂಕಿ ಬಿದ್ದು ಈ ದಿಬ್ಬಗಳಾದವು. ಹುಲ್ಲಿನಲ್ಲಿರುವ ಸಿಲಿಕಾ ಸಗಣಿಯಲ್ಲಿ ಉಳಿಯುತ್ತದೆ. ರಾಶಿ ಬಹುಕಾಲ ಉರಿದು ಕಾವೇರಿದಾಗ ಅದು ಕರಗಿ ಗಾಜಿನಂತಾಗುತ್ತದೆ. ತಿಪ್ಪೆಯನ್ನು ಕಂಡು ಬೆಳೆದ ಯಾವ ರೈತನಿಗೂ ಒಪ್ಪಿಗೆಯಾಗಬಹುದಾದ ಈ ವಿವರಣೆಯನ್ನು ವಿದ್ವಾಂಸರು ಮಾತ್ರ ಬೇಗನೆ ಒಪ್ಪಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿಯೂ ಲೋಹದ ಕಿಟ್ಟ, ಸಾಮೂಹಿಕ ದಹನ ಎಂಬ ವಾದಗಳು ಮತ್ತೆ ಮತ್ತೆ ತಲೆಯೆತ್ತಿದವು.

ನಿವೃತ್ತಿಯ ನಂತರ ಫೂಟ್ ಅವರು ಬರೋಡ ಸಂಸ್ಥಾನದ ಭೂರಚನೆಯನ್ನು ಕುರಿತು ಕೆಲಸ ಮಾಡಿದರು. 1894ರಲ್ಲಿ ಮೈಸೂರು ಸಂಸ್ಥಾನವು ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಆರಂಭದ ಹೊಣೆಯನ್ನು ಅವರಿಗೆ ವಹಿಸಲಾಯಿತು. ಕರ್ನಾಟಕದ ಇಂದಿನ ಗಣಿ ಮತ್ತು ಭೂವಿಜ್ಞಾನ ಇಲಾಖೆಯು ಅದರ ಮುಂದುವರಿಕೆಯಾಗಿದೆ. ನಾಲ್ಕು ದಶಕಗಳ ಕಾಲ ಕೂಡಿಟ್ಟ ಪ್ರಾಚೀನ ವಸ್ತುಗಳ ಸಂಗ್ರಹವನ್ನು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವು ಪಡೆದುಕೊಂಡಿತು. ಕೊನೆಯ ವರ್ಷಗಳನ್ನು ಅವರು ಸೇಲಂ ಬಳಿಯ ಏರ್ಕಾಡಿನಲ್ಲಿ ಕಳೆದರು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ನಿಧನರಾದರು. ಆ ಸಂಗ್ರಹದ ಸಚಿತ್ರ ವಿವರಪಟ್ಟಿಗಳು 1914 ಮತ್ತು 1916ರಲ್ಲಿ, ಅವರ ಮರಣಾನಂತರ ಪ್ರಕಟವಾದವು.

ಬೂದಿದಿಬ್ಬಗಳ ವಿವಾದ ಬಗೆಹರಿಯಲು ಇನ್ನೂ ನಾಲ್ಕು ದಶಕಗಳು ಬೇಕಾದವು. 1957ರಲ್ಲಿ ಎಫ್.ಆರ್. ಆಲ್ಚಿನ್ ಅವರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಉತ್ಖನನ ನಡೆಸಿದಾಗ, ದೊಡ್ಡಿಯ ಬೇಲಿಗೆ ನೆಟ್ಟ ಕಂಬಗಳ ಕುಳಿಗಳೂ ಬೂದಿಯಲ್ಲಿ ಉಳಿದಿದ್ದ ದನಗಳ ಗೊರಸಿನ ಗುರುತುಗಳೂ ಕಂಡುಬಂದವು. ಅದೇ ಸುಮಾರಿಗೆ ಎಫ್.ಇ. ಝೂನರ್ ಅವರು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ದಿಬ್ಬಗಳ ಬೂದಿಯು ಸಗಣಿಯದೇ ಎಂದು ತೋರಿಸಿದರು. 1990ರ ದಶಕದಲ್ಲಿ ಕೆ. ಪದ್ದಯ್ಯ ಅವರು ಸುರಪುರ ಸೀಮೆಯ ಬೂದಿಹಾಳದಲ್ಲಿ ದೊಡ್ಡಿಯ ಪಕ್ಕದಲ್ಲಿಯೇ ಜನವಸತಿಯ ನೆಲೆಯನ್ನೂ ಬೆಳಕಿಗೆ ತಂದರು.

ದಕ್ಷಿಣ ದಖ್ಖನಿನಲ್ಲಿ ಇಂತಹ ನೂರಕ್ಕೂ ಹೆಚ್ಚು ದಿಬ್ಬಗಳನ್ನು ಗುರುತಿಸಲಾಗಿದೆ. ಸಂಡೂರಿನ ಬೆಟ್ಟಗಳಂತೆ ಇವುಗಳಲ್ಲಿ ತೆಗೆಯತಕ್ಕ ಖನಿಜವೇನೂ ಇಲ್ಲ. ಆದರೂ ಬೂದಿಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರವಾದ್ದರಿಂದ ರೈತರು ಗಾಡಿಗಳಲ್ಲಿ ತುಂಬಿಕೊಂಡು ಹೋಗಿ, ಹಲವು ದಿಬ್ಬಗಳು ಬಹುಮಟ್ಟಿಗೆ ಕರಗಿಹೋಗಿವೆ.