ನಡುಕ ನಿಲ್ಲಿಸಿದ ಲ್ಯಾಂಚೆಸ್ಟರ್

ಮಕ್ಕಳೇ, ಬಟ್ಟೆಯೆಲ್ಲ ಒಂದೇ ಕಡೆ ಸೇರಿದ್ರೆ ವಾಷಿಂಗ್ ಮೆಷಿನ್ ಹೇಗೆ ಕುಣಿಯುತ್ತೆ, ನೋಡಿದ್ದೀರಲ್ಲ? ಮೊದಮೊದಲ ಕಾರುಗಳೂ ಹಾಗೇ ನಡುಗುತ್ತಿದ್ದವು. ಅದನ್ನು ನಿಲ್ಲಿಸಲು ಹೊರಟವರು ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್.

ಇವರು ಹುಟ್ಟಿದ್ದು 1868ರಲ್ಲಿ, ಲಂಡನ್ನಿನಲ್ಲಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ತಮ್ಮ ಜಾರ್ಜ್ ಜೊತೆ ಕಟ್ಟಿದ ಮೊದಲ ಕಾರಿಗೇ ಎರಡು ಕ್ರ್ಯಾಂಕ್‌ಶಾಫ್ಟ್ ಇಟ್ಟರು. ಒಂದು ಬಲಕ್ಕೆ ತಿರುಗಿದ್ರೆ ಇನ್ನೊಂದು ಎಡಕ್ಕೆ. ಒಂದರ ನಡುಕವನ್ನು ಇನ್ನೊಂದು ಅಳಿಸುತ್ತಿತ್ತು. ಮುಂದೆ ನಾಲ್ಕು ಸಿಲಿಂಡರ್ ಎಂಜಿನ್ನಿಗೂ ಉಪಾಯ ಹುಡುಕಿದರು: ಒಂದು ಪಕ್ಕ ಭಾರವಿರುವ ಜೋಡಿ ಶಾಫ್ಟ್, ಎಂಜಿನ್ನಿನ ಎರಡರಷ್ಟು ವೇಗದಲ್ಲಿ, ವಿರುದ್ಧ ದಿಕ್ಕುಗಳಿಗೆ ತಿರುಗುವಂಥದ್ದು.

ಕೊನೆಗಾಲದಲ್ಲಿ ಕಣ್ಣು ಮಂಜಾಯಿತು, ಕೈಯಲ್ಲಿ ಹಣವಿರಲಿಲ್ಲ. 1946ರಲ್ಲಿ ತೀರಿಕೊಂಡರು. 1970ರ ದಶಕದಲ್ಲಿ ಜಪಾನಿನ ಮಿತ್ಸುಬಿಷಿ ಆ ಉಪಾಯಕ್ಕೆ ಮತ್ತೆ ಜೀವ ಕೊಟ್ಟಿತು. ಇವತ್ತು ಎಷ್ಟೋ ಕಾರುಗಳಲ್ಲಿ ಅದಿದೆ.

ಸಿಗ್ನಲ್‌ನಲ್ಲಿ ನಿಂತಾಗ ಅಮ್ಮನ ಕಾಫಿ ತುಳುಕದಿದ್ರೆ, ಲ್ಯಾಂಚೆಸ್ಟರ್ ತಾತನನ್ನು ನೆನೆಸಿಕೊಳ್ಳಿ.