ಮೋಟಾರು ಕಾರ್ಖಾನೆಗಾಗಿ ಅಲೆದ ಸರ್ ಎಂ. ವಿ.

ಕನ್ನಂಬಾಡಿ ಕಟ್ಟೆ, ಶ್ರೀಗಂಧದ ಸಾಬೂನು, ಮೈಸೂರು ಬ್ಯಾಂಕು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರೆತ್ತಿದರೆ ನಮ್ಮ ಶಾಲಾ ಮಕ್ಕಳು ಈ ಮೂರನ್ನು ಬಾಯಿಪಾಠವಾಗಿ ಒಪ್ಪಿಸುತ್ತಾರೆ. ಆದರೆ ಆ ಮಹನೀಯರು ಎಪ್ಪತ್ತು ವರ್ಷ ದಾಟಿದ ಮೇಲೆ ಒಂದು ಮೋಟಾರು ಕಾರ್ಖಾನೆಗಾಗಿ ಏಳೆಂಟು ವರ್ಷ ದೇಶವಿದೇಶ ಸುತ್ತಿದರೆಂಬ ಸಂಗತಿ ಪಠ್ಯಪುಸ್ತಕದಲ್ಲಿ ಬರುವುದು ಅಪರೂಪ. ಅದನ್ನು ಇಲ್ಲಿ ಬರೆಯಲು ನಮ್ಮ ಶಿಕ್ಷಕರ ಕೊಠಡಿಯಲ್ಲಿ ನಡೆದ ಒಂದು ಮಾತುಕತೆಯೇ ಕಾರಣ.

ಡಿ. ಹಿರೇಹಾಳ್ ರಾಯದುರ್ಗಕ್ಕೂ ಬಳ್ಳಾರಿಗೂ ನಡುವಿನ ಊರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೂ ರಾಯದುರ್ಗ ತಾಲೂಕು ಆಂಧ್ರಕ್ಕೂ ಸೇರಿದಾಗ ಈ ಭಾಗದ ಕನ್ನಡಿಗರು ಗಡಿಯ ಆಚೆ ಉಳಿದರು. ಮೂರು ವರ್ಷಗಳ ನಂತರ ಕಾಸರಗೋಡಿನ ಬಂಧುಗಳಿಗೂ ಅದೇ ಗತಿಯಾಯಿತು. ಹಿಂದೆ ಇದೇ ಅನಂತಪುರ ಜಿಲ್ಲೆಯಲ್ಲಿದ್ದು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಪೆನುಕೊಂಡದ ಬಳಿ, ಮಡಕಶಿರಾದ ನೆರೆಯಲ್ಲಿ, ಕೊರಿಯಾದ ಕಿಯಾ ಕಂಪೆನಿಯ ಕಾರು ಕಾರ್ಖಾನೆ 2019ರಿಂದ ನಡೆಯುತ್ತಿದೆ. ವರ್ಷಕ್ಕೆ ಮೂರು ಲಕ್ಷ ಕಾರು ತಯಾರಿಸುವ ಸಾಮರ್ಥ್ಯವುಳ್ಳದ್ದು. 2025ರಲ್ಲಿ ಅಲ್ಲಿ ತಯಾರಾದ ವಿದ್ಯುತ್ ಕಾರೂ ಮಾರುಕಟ್ಟೆಗೆ ಬಂತು. ಇದನ್ನು ಕಂಡು ನನ್ನ ಸಹೋದ್ಯೋಗಿಯೊಬ್ಬರು, ಹಳೆಯ ಕಾರು ಕಂಪೆನಿಗಳೆಲ್ಲ ವಿದ್ಯುತ್ತಿಗೆ ತಿರುಗುತ್ತಿರುವ ಈ ಹೊತ್ತಿನಲ್ಲಿ ಅವುಗಳ ಷೇರು ಕೊಂಡಿಟ್ಟರೆ ಮಗಳ ಓದಿಗೆ ಆದೀತೇ ಎಂದು ವಿಚಾರಿಸಿದರು. ನಾನು ಸಮಾಜಶಾಸ್ತ್ರ ಹೇಳಿಕೊಡುವವನೇ ಹೊರತು ಷೇರುಪೇಟೆಯ ಪಂಡಿತನಲ್ಲ. ನನಗೆ ತೋಚಿದ್ದು ಸರ್ ಎಂ. ವಿ. ಅವರ ಕಥೆ.

ವಿಶ್ವೇಶ್ವರಯ್ಯನವರ ಮನೆತನದ ಹೆಸರು ಮೋಕ್ಷಗುಂಡಂ. ಅದು ಇಂದಿನ ಆಂಧ್ರದಲ್ಲಿರುವ ಹಳ್ಳಿ. ಪೂರ್ವಿಕರು ಅಲ್ಲಿಂದ ಮೈಸೂರು ಸೀಮೆಗೆ ಬಂದವರು. ಗಡಿ ದಾಟಿ ಬಂದ ಕುಟುಂಬವೆಂಬುದು ನಮ್ಮಂಥವರಿಗೆ ಸ್ವಲ್ಪ ಆಪ್ತವಾಗಿ ಕೇಳಿಸುತ್ತದೆ. 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಜನನ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿ ತಮ್ಮ ಓದಿನ ಖರ್ಚು ತೂಗಿಸಿಕೊಂಡು, ಸೆಂಟ್ರಲ್ ಕಾಲೇಜಿನಿಂದ 1881ರಲ್ಲಿ ಪದವಿ ಪಡೆದು, ಪುಣೆಯಲ್ಲಿ ಇಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಸಕ್ಕರ್ ಪಟ್ಟಣದ ನೀರು ಸರಬರಾಜು, ಖಡಕವಾಸಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳು, ಮೂಸಿ ನದಿಯ ಪ್ರವಾಹದ ನಂತರ ಹೈದರಾಬಾದಿನ ಕೆಲಸ, ಇವೆಲ್ಲ ವಾಚಕರಿಗೆ ಗೊತ್ತಿರುವಂಥವೇ.

1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದು 1912ರಿಂದ 1918ರವರೆಗೆ ದಿವಾನರಾಗಿದ್ದರು. 1902ರಿಂದಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಆದರೆ ಬೇಸಿಗೆಯಲ್ಲಿ ಕಾವೇರಿ ಬಡವಾದರೆ ವಿದ್ಯುತ್ತೂ ಬಡವಾಗುತ್ತಿತ್ತು. ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟಿದರೆ ವರ್ಷವಿಡೀ ನೀರು ಸಿಗುತ್ತದೆ, ಗಣಿಗೆ ಹೆಚ್ಚು ವಿದ್ಯುತ್ತು ಮಾರಬಹುದು, ಆ ಆದಾಯದಿಂದ ಹಾಕಿದ ಹಣ ಹಿಂದಿರುಗುತ್ತದೆ ಎಂದು ಅವರು ಲೆಕ್ಕ ಹಾಕಿ ತೋರಿಸಿದ ಮೇಲೆಯೇ ಖಜಾನೆಯ ಬಾಗಿಲು ತೆರೆಯಿತು. ಅವರನ್ನು ಬರೀ ಕಟ್ಟಡದ ಇಂಜಿನಿಯರೆಂದು ಭಾವಿಸುವುದು ತಪ್ಪು. ಹಾಕುವ ಬಂಡವಾಳ ಎಷ್ಟು, ಬರುವ ವರಮಾನ ಎಷ್ಟು ಎಂಬುದು ಅವರ ಪ್ರತಿಯೊಂದು ಯೋಜನೆಯಲ್ಲೂ ಮೊದಲ ಪುಟದ ವಿಷಯವಾಗಿತ್ತು. 1913ರಲ್ಲಿ ಮೈಸೂರು ಬ್ಯಾಂಕು ಹುಟ್ಟಿದ್ದೂ ಇದೇ ದೃಷ್ಟಿಯಿಂದ.

ಲೆಕ್ಕ ತಪ್ಪಿದ ಪ್ರಸಂಗವೂ ಇಲ್ಲದಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಪ್ರಾರಂಭಿಸುವ ವೇಳೆಗೆ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ನಷ್ಟದ ಮೇಲೆ ನಷ್ಟ. ಟೀಕೆಗಳು ಬಂದವು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ ಆಡಳಿತ ಮಂಡಲಿಯ ಅಧ್ಯಕ್ಷರಾಗಿ 1929ರವರೆಗೆ ದುಡಿದು ಅದನ್ನು ಒಂದು ಸ್ಥಿತಿಗೆ ತಂದರು. ಆ ಕೆಲಸಕ್ಕೆ ಸಂದ ಸಂಭಾವನೆಯನ್ನು ತಾವು ಮುಟ್ಟದೆ ಬೆಂಗಳೂರಿನಲ್ಲಿ ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆಂದು ಬಿಟ್ಟುಕೊಟ್ಟರು. ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎಂದು ಇಂದು ಕರೆಯುವುದು ಅದನ್ನೇ. 1927ರಿಂದ ಟಾಟಾ ಉಕ್ಕಿನ ಕಂಪೆನಿಯ ನಿರ್ದೇಶಕರಾಗಿಯೂ ಇದ್ದುದರಿಂದ, ದೊಡ್ಡ ಕಾರ್ಖಾನೆ ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನು ಅವರು ಒಳಗಿನಿಂದ ಬಲ್ಲವರಾಗಿದ್ದರು.

ಇನ್ನು ಮೋಟಾರಿನ ವಿಚಾರಕ್ಕೆ ಬರೋಣ. ಮೂವತ್ತರ ದಶಕದಲ್ಲಿ ನಮ್ಮ ರಸ್ತೆಗಳ ಮೇಲೆ ಓಡುತ್ತಿದ್ದ ಕಾರುಗಳೆಲ್ಲ ಪರದೇಶದವು. ಜನರಲ್ ಮೋಟಾರ್ಸ್ 1928ರಿಂದ ಮುಂಬಯಿಯಲ್ಲಿ ಕಾರುಗಳನ್ನು ಜೋಡಿಸುತ್ತಿತ್ತು. ಸ್ವಲ್ಪ ಕಾಲದಲ್ಲೇ ಫೋರ್ಡ್ ಕಂಪೆನಿಯೂ ಬಂತು. ಭಾಗಗಳು ಪೆಟ್ಟಿಗೆಯಲ್ಲಿ ಹಡಗಿನ ಮೇಲೆ ಬರುತ್ತಿದ್ದವು. ಇಲ್ಲಿ ಆಗುತ್ತಿದ್ದುದು ಬಿಗಿಯುವ ಕೆಲಸ ಮಾತ್ರ. ಜೋಡಣೆ ಬೇರೆ, ತಯಾರಿಕೆ ಬೇರೆ ಎಂಬುದು ಸರ್ ಎಂ. ವಿ. ಅವರ ನಿಲುವು. ಎಂಜಿನ್ನನ್ನೇ ಇಲ್ಲಿ ಮಾಡದಿದ್ದರೆ ಲಾಭವೂ ವಿದ್ಯೆಯೂ ಹಡಗಿನಲ್ಲೇ ಹಿಂದಿರುಗುತ್ತವೆಂದು ಅವರು ಕಂಡಿದ್ದರು.

1935ರಲ್ಲಿ, ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ಯೂರೋಪು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಲು ಹೊರಟರು. ಆ ಪ್ರಾಯದಲ್ಲಿ ನಮ್ಮಲ್ಲಿ ಹಿರಿಯರು ಜಗಲಿಯಿಂದ ಇಳಿಯುವುದೇ ಕಷ್ಟ! ಮರಳಿ ಬಂದು 1936ರಲ್ಲಿ ವಿವರವಾದ ಯೋಜನೆಯನ್ನು ಮುದ್ರಿಸಿದರು. ಹೆಸರಾದ ಒಂದು ವಿದೇಶೀ ಕಂಪೆನಿಯಿಂದ ವಿದ್ಯೆ ಪಡೆಯುವುದು, ಬಂಡವಾಳ ಮತ್ತು ಆಡಳಿತ ಭಾರತೀಯರ ಕೈಯಲ್ಲಿರುವುದು ಎಂಬುದು ಅದರ ತಿರುಳು. ಸೊಲ್ಲಾಪುರದ ವಾಲಚಂದ್ ಹೀರಾಚಂದ್ ಎಂಬ ಸಾಹಸಿ ಉದ್ಯಮಿ ಅವರ ಬೆನ್ನಿಗೆ ನಿಂತರು.

ಹಣ ಕೊಡುವವರಿಗೆ ಭಯ. ಫೋರ್ಡ್, ಜನರಲ್ ಮೋಟಾರ್ಸ್‌ಗಳ ಎದುರು ನಮ್ಮ ಹೊಸ ಕಾರ್ಖಾನೆ ನಿಂತೀತೇ? ಅದಕ್ಕಾಗಿ ಸರ್ ಎಂ. ವಿ. ಸರ್ಕಾರದಿಂದ ಬಡ್ಡಿಯ ಖಾತರಿ ಕೇಳಿದರು. ಮೊದಲ ಕೆಲವು ವರ್ಷ ಕಾರ್ಖಾನೆ ಗಳಿಸಲಿ ಬಿಡಲಿ, ಷೇರುದಾರನಿಗೆ ಗೊತ್ತಾದ ಒಂದು ಬಡ್ಡಿ ಸಿಗುವುದು, ಕಡಿಮೆ ಬಿದ್ದುದನ್ನು ಸರ್ಕಾರ ತುಂಬುವುದು. ಸಣ್ಣ ಉಳಿತಾಯದ ಮನುಷ್ಯನೂ ಧೈರ್ಯವಾಗಿ ಹಣ ಹಾಕಲೆಂಬ ಯೋಚನೆ ಅದು. ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ ಒಲವು ತೋರಿತು. ಆದರೆ 1939ರಲ್ಲಿ ಯುದ್ಧದ ಪ್ರಶ್ನೆಯ ಮೇಲೆ ಆ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ವಾಲಚಂದರು ಅಮೆರಿಕಕ್ಕೆ ಹೋದರು. ಫೋರ್ಡ್ ಜೊತೆ ಮಾತು ಕೂಡಲಿಲ್ಲ. ಕ್ರೈಸ್ಲರ್ ಕಂಪೆನಿ ಒಪ್ಪಿತು. ಕಾರ್ಖಾನೆ ಬೆಂಗಳೂರಿನಲ್ಲಿ ಆಗಲೆಂದು ದಿವಾನ್ ಸರ್ ಮಿರ್ಜಾ ಇಸ್ಮಾಯಿಲರೂ ಮುಂದೆ ಬಂದರು, ಮೈಸೂರು ಸರ್ಕಾರ ಖಾತರಿಗೆ ಸಿದ್ಧವಾಯಿತು. ಆಗ ದೆಹಲಿಯ ಬ್ರಿಟಿಷ್ ಸರ್ಕಾರ ಅಡ್ಡ ಬಂತು. ಮೋಟಾರು ಕಾರ್ಖಾನೆ ಯುದ್ಧಕ್ಕೆ ಅಗತ್ಯವಲ್ಲವೆಂಬುದು ಅದರ ವಾದ. ಸೈನ್ಯಕ್ಕೆ ಲಾರಿಗಳು ಸಾವಿರಾರು ಸಂಖ್ಯೆಯಲ್ಲಿ ಹಡಗಿನಿಂದ ಇಳಿಯುತ್ತಿದ್ದಾಗಲೇ ಈ ಮಾತು ಹೊರಟದ್ದು! ಸಂಸ್ಥಾನದ ಕೈ ಕಟ್ಟಿಹೋಯಿತು. ಸರ್ ಎಂ. ವಿ. ಅವರ ಕಾರ್ಖಾನೆ ಕಾಗದದಲ್ಲೇ ಉಳಿಯಿತು.

ಆದರೆ ಅದೇ ಓಡಾಟದಿಂದ ಇನ್ನೊಂದು ಹುಟ್ಟಿತು. ವಾಲಚಂದರಿಗೆ ಪ್ರಯಾಣದಲ್ಲಿ ಪಾಲಿ ಎಂಬ ಅಮೆರಿಕದ ವಿಮಾನೋದ್ಯಮಿಯ ಪರಿಚಯವಾಗಿ, 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪನೆಯಾಯಿತು. ಮೈಸೂರು ಸರ್ಕಾರ ಅದರಲ್ಲಿ ಪಾಲುದಾರ. 1942ರಲ್ಲಿ ಭಾರತ ಸರ್ಕಾರ ವಾಲಚಂದರ ಪಾಲನ್ನು ಕೊಂಡುಕೊಂಡಿತು. ಅದೇ ಇಂದಿನ ಎಚ್.ಎ.ಎಲ್. ಕಾಸರಗೋಡಿನ ಸೀತಾಂಗೋಳಿಯಲ್ಲಿ 2012ರಲ್ಲಿ ಉದ್ಘಾಟನೆಯಾದ ಅದರ ಘಟಕದ ಮುಂದೆ ಹಾದುಹೋಗುವ ವಾಚಕರು ಈ ಹಳೆಯ ನಂಟನ್ನು ಗಮನಿಸಬಹುದು. 2018ರಲ್ಲಿ ಅದರ ಷೇರನ್ನು ತಲಾ 1215 ರೂಪಾಯಿಗೆ ಸಾರ್ವಜನಿಕರಿಗೆ ಕೊಟ್ಟಾಗ ಪೇಟೆಯಲ್ಲಿ ಮೊದಲ ದಿನವೇ ಬೆಲೆ ಇಳಿಯಿತು. ಮುಂದಿನ ವರ್ಷಗಳಲ್ಲಿ ಹಲವು ಪಟ್ಟು ಏರಿತು.

ಮೋಟಾರು ಕಂಪೆನಿಗಳ ಕಥೆಯೋ? ಬಿರ್ಲಾ ಅವರ ಹಿಂದೂಸ್ತಾನ್ ಮೋಟಾರ್ಸ್ 1942ರಲ್ಲಿ, ವಾಲಚಂದರ ಪ್ರೀಮಿಯರ್ 1944ರಲ್ಲಿ ಹುಟ್ಟಿದವು. ಅಂಬಾಸಡರ್ ಮತ್ತು ಫಿಯೆಟ್ ಇಲ್ಲದ ಮದುವೆ ದಿಬ್ಬಣವನ್ನು ನಮ್ಮ ಬಾಲ್ಯದಲ್ಲಿ ಕಂಡದ್ದಿಲ್ಲ. ಇವುಗಳ ಷೇರು ಬಂಗಾರಕ್ಕೆ ಸಮವೆಂದು ನಂಬಿದವರಿದ್ದರು. ಹೊಸ ಬಗೆಯ ಕಾರುಗಳು ಬಂದವು, ಫಿಯೆಟ್ ಮರೆಯಾಯಿತು, 2014ರಲ್ಲಿ ಅಂಬಾಸಡರ್ ತಯಾರಿಕೆಯೂ ನಿಂತಿತು.

ಸಹೋದ್ಯೋಗಿಗೆ ಇಷ್ಟನ್ನೂ ಹೇಳಿದೆ. ಬೆಂಗಳೂರಿನಲ್ಲೇ 2001ರಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಬಂದುದು, 2010ರಲ್ಲಿ ಆ ಕಂಪೆನಿಯ ಹೆಚ್ಚಿನ ಪಾಲನ್ನು ಹಳೆಯ ಜೀಪು ಕಂಪೆನಿಯಾದ ಮಹೀಂದ್ರಾ ಕೊಂಡುದು, 2021ರಲ್ಲಿ ಟಾಟಾದ ವಿದ್ಯುತ್ ಕಾರು ವಿಭಾಗಕ್ಕೆ ಹೊರಗಿನವರು 7500 ಕೋಟಿ ರೂಪಾಯಿ ಹಾಕಲು ಒಪ್ಪಿದುದು, ಇವೂ ಮಾತಿನಲ್ಲಿ ಬಂದವು. ಪೆನುಕೊಂಡದ ಕಾರ್ಖಾನೆ ಕಣ್ಣಿಗೆ ಹತ್ತಿರವಾದರೂ ಆ ಕಂಪೆನಿಯ ಷೇರು ಮಾರಾಟವಾಗುವುದು ಸಿಯೋಲ್ ಪೇಟೆಯಲ್ಲಿ, ನಮ್ಮಲ್ಲಲ್ಲ ಎಂಬುದು ಅವರಿಗೆ ತಿಳಿದಿರಲಿಲ್ಲ. ವಿದ್ಯುತ್ ಕಾರಿನಲ್ಲಿ ಅತ್ಯಂತ ದುಬಾರಿ ಭಾಗ ಬ್ಯಾಟರಿ. ಅದರ ಒಳಗಿನ ಕೋಶಗಳು ಹೆಚ್ಚಾಗಿ ಚೀನಾ, ಕೊರಿಯಾಗಳಿಂದ ಬರುತ್ತವೆ. ಅಂದು ಎಂಜಿನ್ನಿನ ಬಗ್ಗೆ ಸರ್ ಎಂ. ವಿ. ಕೇಳಿದ್ದನ್ನು ಇಂದು ಬ್ಯಾಟರಿಯ ಬಗ್ಗೆ ಕೇಳಬೇಕೆಂದು ನನಗೆ ತೋರುತ್ತದೆ: ಕಂಪೆನಿ ಅದನ್ನು ಮಾಡುತ್ತದೆಯೋ, ಜೋಡಿಸುತ್ತದೆಯೋ? ಪೆಟ್ರೋಲ್ ಕಾರಿನ ಗಳಿಕೆ ಇಳಿಯುವ ಹೊತ್ತಿಗೆ ವಿದ್ಯುತ್ ಕಾರಿನ ಗಳಿಕೆ ಏರುತ್ತದೆಯೋ, ಸಾಲ ಏರುತ್ತದೆಯೋ?

ವಿಶ್ವೇಶ್ವರಯ್ಯನವರು ಕಾರ್ಖಾನೆ ಕೈತಪ್ಪಿತೆಂದು ಮೂಲೆ ಸೇರಲಿಲ್ಲ. 1941ರಲ್ಲಿ ಅಖಿಲ ಭಾರತ ತಯಾರಕರ ಸಂಸ್ಥೆಯನ್ನು ಕಟ್ಟಿದರು. 1946ರಲ್ಲಿ, ಎಂಬತ್ತೈದರ ಹೊಸ್ತಿಲಲ್ಲಿ, ಉದ್ಯಮಿಗಳ ತಂಡದೊಡನೆ ಮತ್ತೆ ಅಮೆರಿಕಕ್ಕೆ ಹೋಗಿ ಬಂದರು. 1955ರಲ್ಲಿ ಭಾರತರತ್ನ ಬಂತು. ನೂರು ತುಂಬಿದ ಮೇಲೆ, 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲಿದೆ.

ನನ್ನ ಸಹೋದ್ಯೋಗಿ ಷೇರು ಕೊಳ್ಳುವುದನ್ನು ಇನ್ನೂ ತೀರ್ಮಾನಿಸಿಲ್ಲ. ಎರಡು ಕಂಪೆನಿಗಳ ವಾರ್ಷಿಕ ವರದಿ ತರಿಸಿಕೊಂಡು ಮಧ್ಯಾಹ್ನದ ಬಿಡುವಿನಲ್ಲಿ ಓದುತ್ತಿದ್ದಾರೆ. ಇಂಗ್ಲಿಷು ತೊಡಕಾದ ಕಡೆ ನಾವಿಬ್ಬರೂ ಕೂಡಿ ನಿಘಂಟು ಬಿಡಿಸುತ್ತೇವೆ.